ಬೆಟ್ಟವೇರುವ ಮುನ್ನ

ಶಾಲೆಯ ಮಕ್ಕಳ ತಂಡವೊಂದು ದೂರದ ಬೆಟ್ಟವನ್ನೇರಬೇಕೆಂಬ ಮಾತು ಹೊರಟೊಡನೆ ಹಿರಿಯರಾದ ನಾವು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು. ವಾಹನದ ಏರ್ಪಾಡು ಹೇಗೆ? ತಲೆಗೆ ವೆಚ್ಚವೆಷ್ಟು? ಇವೆರಡಕ್ಕೂ ಉತ್ತರ ದೊರೆತರೆ ಪ್ರವಾಸವು ಸಿದ್ಧವಾಯಿತೆಂದೇ ಭಾವಿಸುತ್ತೇವೆ. ಇವೆರಡಕ್ಕಿಂತಲೂ ಮುಖ್ಯವಾದ ಮೂರನೆಯ ಪ್ರಶ್ನೆಯೊಂದುಂಟು: ಈ ಮಕ್ಕಳು ಬೆನ್ನ ಮೇಲೆ ಚೀಲ ಹೊತ್ತು, ಅಷ್ಟು ದೂರ ನಡೆದು, ಏರಿ, ಇಳಿದು, ಎಲ್ಲರೂ ಒಟ್ಟಾಗಿ ಮರಳಿ ಬರಬಲ್ಲರೆ?

ಈ ಪ್ರಶ್ನೆಗೆ ಬೆಟ್ಟದ ಬುಡದಲ್ಲಿ ನಿಂತು ಉತ್ತರವನ್ನು ಹುಡುಕುವುದು ತಡವಾದ ಕೆಲಸ. ಪಾದರಕ್ಷೆಯ ಅಟ್ಟೆ ಕಿತ್ತುಬರುವುದು, ಹಿಮ್ಮಡಿಯಲ್ಲಿ ಗುಳ್ಳೆ ಏಳುವುದು, ಚೀಲದ ಪಟ್ಟಿ ಹೆಗಲನ್ನು ಕೊರೆಯುವುದು, ತಂದ ನೀರು ಅರ್ಧ ದಾರಿಯಲ್ಲಿಯೇ ಮುಗಿಯುವುದು, ಇವೆಲ್ಲವೂ ನಡೆಯುವವರಿಗೆ ಎಂದಾದರೊಮ್ಮೆ ಬಂದೇ ಬರುವ ತೊಂದರೆಗಳು. ಅವು ಶಾಲೆಯಿಂದ ಮೂರು ಕಿಲೋಮೀಟರು ದೂರದಲ್ಲಿ ಬಂದರೆ ಪಾಠವೆನಿಸುತ್ತವೆ. ಕಾಡಿನ ನಡುವೆ, ಸಾವಿರ ಮೀಟರಿಗಿಂತ ಎತ್ತರದಲ್ಲಿ ಬಂದರೆ ಅಪಾಯವೆನಿಸುತ್ತವೆ. ಕೆಡಬೇಕಾದುದೆಲ್ಲವೂ ಮನೆಯ ಹತ್ತಿರವೇ ಕೆಡಲಿ ಎಂಬುದೇ ಶನಿವಾರ, ಆದಿತ್ಯವಾರಗಳ ಅಭ್ಯಾಸ ನಡಿಗೆಗಳ ಮೂಲಸೂತ್ರ. ಅವುಗಳನ್ನು ಹೇಗೆ ಯೋಜಿಸಬೇಕೆಂಬುದನ್ನು ನಮ್ಮ ಕಾಸರಗೋಡಿನ ನೆಲವನ್ನೇ ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ವಿವರಿಸಲು ಇಚ್ಛಿಸುತ್ತೇವೆ.

ಗುರಿಯೂ ಕಾಲವೂ

ಯೋಜನೆಯನ್ನು ಕೊನೆಯಿಂದ ಮೊದಲಿಗೆ ಬರೆಯುವುದು ಲೇಸು. ನಮ್ಮ ಗುರಿ ಕೊಡಗಿನ ತಡಿಯಂಡಮೋಳ್ ಎಂದಿಟ್ಟುಕೊಳ್ಳೋಣ. ಅದರ ಎತ್ತರ 1748 ಮೀಟರು. ಕೊಡಗು ಜಿಲ್ಲೆಯಲ್ಲಿ ಅದಕ್ಕಿಂತ ಎತ್ತರದ ಶಿಖರವಿಲ್ಲ. ಅದರ ತಪ್ಪಲಿನಲ್ಲಿ ದೊಡ್ಡವೀರರಾಜೇಂದ್ರನ ಕಾಲದ ನಾಲ್ಕುನಾಡು ಅರಮನೆಯಿದೆ. ನಮ್ಮ ಮಕ್ಕಳಿಗೆ ಆ ಸೀಮೆಯೊಡನೆ ಇನ್ನೊಂದು ನಂಟೂ ಉಂಟು. ಕಾಸರಗೋಡಿನ ಬಳಿ ಕಡಲನ್ನು ಸೇರುವ ಚಂದ್ರಗಿರಿ ಹೊಳೆಯು ಹುಟ್ಟುವುದು ಕೊಡಗಿನ ಬೆಟ್ಟಗಳಲ್ಲಿಯೇ. ದಿನವೂ ಸೇತುವೆಯ ಮೇಲಿನಿಂದ ನೋಡುವ ನೀರು ಎಲ್ಲಿಂದ ಬಂದಿತೆಂಬುದನ್ನು ಕಾಲ್ನಡಿಗೆಯಿಂದ ತಿಳಿದ ಮಗುವಿಗೆ ಭೂಗೋಳದ ಪಾಠವು ಬೇರೆ ಬೇಕಾಗದು.

ಕಾಲವನ್ನು ಆರಿಸುವಾಗ ನಾಲ್ಕು ಸಂಗತಿಗಳನ್ನು ಗಮನಿಸಬೇಕು. ಜೂನಿನಿಂದ ಸೆಪ್ಟೆಂಬರಿನ ವರೆಗೆ ಮಳೆ. ತೊರೆಗಳು ಉಕ್ಕುತ್ತವೆ, ಬಂಡೆಗಳು ಪಾಚಿಗಟ್ಟುತ್ತವೆ. ಅಕ್ಟೋಬರ್, ನವೆಂಬರುಗಳಲ್ಲಿ ಮಧ್ಯಾಹ್ನ ಕಳೆದ ಮೇಲೆ ಗುಡುಗು ಮಿಂಚುಗಳ ಮಳೆ ಬರುವುದುಂಟು. ಮಾರ್ಚಿನ ಹೊತ್ತಿಗೆ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ ತಲೆದೋರುತ್ತದೆ. ವಾರ್ಷಿಕ ಪರೀಕ್ಷೆಯೂ ಅದೇ ತಿಂಗಳಿನಲ್ಲಿ. ಶಾಲಾ ಕಲೋತ್ಸವಗಳು ನಡುವೆ ಕೆಲವು ವಾರಗಳನ್ನು ತೆಗೆದುಕೊಳ್ಳುತ್ತವೆ. ಆದುದರಿಂದ ನವೆಂಬರಿನ ಮೊದಲ ಶನಿವಾರ ಆರಂಭಿಸಿ, ವಾರ ಬಿಟ್ಟು ವಾರ ನಡೆದು, ಜನವರಿಯ ಮಧ್ಯದವರೆಗೆ ಆರು ನಡಿಗೆಗಳನ್ನು ಮುಗಿಸಿ, ಆ ಬಳಿಕ ಗುರಿಯ ಬೆಟ್ಟಕ್ಕೆ ಹೋಗುವುದು ಯುಕ್ತ. ಎಂಟು, ಒಂಬತ್ತು ಮತ್ತು ಹನ್ನೊಂದನೆಯ ತರಗತಿಯವರು ಇದಕ್ಕೆ ತಕ್ಕವರು. ಹತ್ತನೆಯ ತರಗತಿಯವರಿಗೆ ಆ ವರ್ಷ ಬೇರೆ ಬೆಟ್ಟವೊಂದು ಎದುರಿಗಿರುತ್ತದೆ.

ವಾರ ಬಿಟ್ಟು ವಾರ ಎಂದುದು ಸೋಮಾರಿತನಕ್ಕಲ್ಲ. ನಡಿಗೆಯಿಂದ ಉಸಿರಾಟವು ಬೇಗನೆ ಹದಕ್ಕೆ ಬರುತ್ತದೆ. ಸ್ನಾಯುಗಳಿಗೆ ಕೆಲವು ವಾರಗಳು ಬೇಕು. ಎಲುಬಿಗೆ ಸ್ನಾಯುವನ್ನು ಬಿಗಿಯುವ ನರಬಳ್ಳಿಯಂತಹ ತಂತುಗಳಿಗೆ ಇನ್ನೂ ಹೆಚ್ಚಿನ ಕಾಲ ಬೇಕು. ಏದುಸಿರು ನಿಂತಿತೆಂದು ಮೊಣಕಾಲು ಸಿದ್ಧವಾಯಿತೆಂದು ತಿಳಿಯಬಾರದು. ನಡುವಣ ವಾರದಲ್ಲಿ ಶಾಲೆಗೆ ಬಸ್ಸಿನಲ್ಲಿ ಬರುವ ಮಕ್ಕಳು ಒಂದು ನಿಲ್ದಾಣ ಮೊದಲೇ ಇಳಿದು, ಹಿರಿಯರಿಗೆ ಒಪ್ಪಿಗೆಯಾದ ದಾರಿಯಲ್ಲಿ ನಡೆದು ಬಂದರೆ ಸಾಕು.

ಒಮ್ಮೆಗೆ ಒಂದನ್ನೇ ಹೆಚ್ಚಿಸುವುದು

ಚಾರಣವನ್ನು ಕಠಿಣಗೊಳಿಸುವ ಸಂಗತಿಗಳು ಮೂರು: ದೂರ, ಏರು, ಹೊರೆ. ಈ ಮೂರನ್ನೂ ಒಂದೇ ದಿನ ಹೆಚ್ಚಿಸುವುದು ಉತ್ಸಾಹಿಗಳಾದ ತರುಣರು ಸಾಮಾನ್ಯವಾಗಿ ಮಾಡುವ ತಪ್ಪು. ಒಂದು ಸಲಕ್ಕೆ ಒಂದನ್ನೇ ಹೆಚ್ಚಿಸಿ, ಉಳಿದುವನ್ನು ಹಿಂದಿನಂತೆಯೇ ಇಡಬೇಕು. ಹೀಗೆ ಮಾಡುವುದರಿಂದ ಮಕ್ಕಳ ದೇಹಕ್ಕೆ ಸುಖ. ಅಷ್ಟೇ ಅಲ್ಲ, ಮಗುವೊಂದು ಬಳಲಿದಾಗ ಅದರ ಕಾರಣವೂ ನಮಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ದೂರವೂ ಹೊರೆಯೂ ಒಟ್ಟಿಗೆ ಹೆಚ್ಚಿದ ದಿನ ಬಳಲಿಕೆ ಬಂದರೆ ಯಾವುದನ್ನು ಸರಿಪಡಿಸಬೇಕೆಂದು ಯಾರೂ ಹೇಳಲಾರರು. ವಿಜ್ಞಾನದ ಪ್ರಯೋಗದಲ್ಲಿ ಒಂದು ಅಂಶವನ್ನು ಮಾತ್ರ ಬದಲಿಸಿ ನೋಡುವ ನಿಯಮವೇ ಇಲ್ಲಿಯೂ ಸಲ್ಲುತ್ತದೆ.

ಮೊದಲನೆಯ ನಡಿಗೆ: ಶಾಲೆಯ ಬಾಗಿಲಿನಿಂದ ಹೊರಟು ಶಾಲೆಗೇ ಮರಳುವ 6 ಕಿಲೋಮೀಟರು. ಗದ್ದೆಯ ಹುಣಿ, ಹೊಳೆಯ ಬದಿ, ಊರಿನ ರಸ್ತೆ, ಯಾವುದಾದರೂ ಆಗಬಹುದು. ನೀರಿನ ಹೊರತು ಬೇರೆ ಹೊರೆಯಿಲ್ಲ. ಆ ದಿನ ನೋಡಬೇಕಾದುದು ಕಾಲನ್ನು. ಯಾರ ಪಾದರಕ್ಷೆ ಬಿಗಿ, ಯಾರದು ಸಡಿಲ, ಯಾರು ಕಾಲುಚೀಲವಿಲ್ಲದೆ ಬಂದಿದ್ದಾರೆ ಎಂಬುದೇ ಅಂದಿನ ಪಾಠ.

ಎರಡನೆಯದು: ದೂರವನ್ನು 10ರಿಂದ 12 ಕಿಲೋಮೀಟರಿಗೆ ಏರಿಸುವುದು. ಕುಂಬಳೆಯಿಂದ ಅನಂತಪುರಕ್ಕೆ ಹೋಗಿ ಬರುವ ಹಾದಿ ಇದಕ್ಕೆ ಒಪ್ಪುತ್ತದೆ. ಸರೋವರದ ನಡುವಿನ ದೇವಾಲಯವನ್ನು ನೋಡುವ ಸಂತೋಷವೂ ಉಂಟು. ಆದರೆ ಮುರಕಲ್ಲಿನ ಪದವಿನಲ್ಲಿ ನೆರಳಿಲ್ಲ. ಬೆಳಗ್ಗೆ ಒಂಬತ್ತರ ಬಳಿಕ ಕಲ್ಲು ಕಾಯತೊಡಗುತ್ತದೆ. ಬಿಸಿಲಿನಲ್ಲಿ ತಲೆಗೆ ಮುಟ್ಟಾಳೆ ಎಷ್ಟು ತಂಪೆಂಬುದನ್ನು ಅಂದು ಮಕ್ಕಳು ಅರಿಯುವರು. ಅಂಗಡಿಯ ಬಣ್ಣದ ಟೊಪ್ಪಿಗಿಂತ ನಮ್ಮ ತೋಟದ ಅಡಿಕೆ ಹಾಳೆಯದು ಗಾಳಿಗೂ ಬಿಸಿಲಿಗೂ ಒಳ್ಳೆಯದು.

ಮೂರನೆಯದು: ದೂರವನ್ನು ಹೆಚ್ಚಿಸದೆ ಏರನ್ನು ಸೇರಿಸುವುದು. ಪೊಸಡಿಗುಂಪೆ ಇದಕ್ಕೆ ತಕ್ಕ ಗುಡ್ಡೆ. ಮೇಲೆ ನಿಂತರೆ ಪಡುವಣದ ಕಡಲೂ ಮೂಡಣದ ಬೆಟ್ಟಸಾಲುಗಳೂ ಕಾಣಿಸುತ್ತವೆ. ಏರುವಾಗ ಹೆಜ್ಜೆ ಚಿಕ್ಕದಾಗಿರಬೇಕು, ಮಾತನಾಡುತ್ತ ನಡೆಯಲು ಸಾಧ್ಯವಾಗುವಷ್ಟು ನಿಧಾನವಿರಬೇಕು. ಮಾತು ನಿಂತಿತೆಂದರೆ ವೇಗ ಹೆಚ್ಚಾಯಿತೆಂದೇ ಅರ್ಥ.

ನಾಲ್ಕನೆಯದು: ಮತ್ತೆ ಅದೇ ಗುಡ್ಡೆ, ಆದರೆ ಬೆನ್ನ ಮೇಲೆ ದೇಹದ ತೂಕದ ಹತ್ತರಲ್ಲಿ ಒಂದು ಭಾಗದ ಹೊರೆ. ನೋಡಿದ ಗುಡ್ಡೆಯನ್ನೇ ಮತ್ತೆ ಹತ್ತುವುದೇಕೆಂದು ಮಕ್ಕಳು ಕೇಳುವುದು ಸಹಜ. ಹಾದಿ ಒಂದೇ ಆಗಿದ್ದಾಗ ಮಾತ್ರ ಹೊರೆಯು ಎಷ್ಟು ಹೊತ್ತನ್ನು ಕದಿಯುತ್ತದೆಂಬುದು ಗಡಿಯಾರದಿಂದ ತಿಳಿಯುತ್ತದೆ. ಮೂರನೆಯ ನಡಿಗೆಯ ಹೊತ್ತನ್ನೂ ನಾಲ್ಕನೆಯದನ್ನೂ ಪಕ್ಕಪಕ್ಕದಲ್ಲಿ ಬರೆದು ನೋಡಿದರೆ ಆ ತಂಡದ ಸ್ವಭಾವವೇ ಗೊತ್ತಾಗುತ್ತದೆ.

ಐದನೆಯದು: ರಾತ್ರಿಯ ವಾಸ. ಇದನ್ನು ಕಾಡಿನಲ್ಲಿ ಮಾಡಬೇಕಾಗಿಲ್ಲ. ನಮ್ಮ ಶಾಲೆಯ ಅಂಗಳವೇ ಸಾಕು. ಶನಿವಾರ ಸಂಜೆ ಹೆಚ್ಚಿದ ಹೊರೆಯೊಡನೆ ಸಮತಟ್ಟಾದ ದಾರಿಯಲ್ಲಿ 5 ಕಿಲೋಮೀಟರು ನಡೆದು ಬಂದು, ತಾವೇ ಗಂಜಿ ಬೇಯಿಸಿ ಉಂಡು, ತರಗತಿಯ ಕೋಣೆಗಳಲ್ಲಿ ಮಲಗಿ, ಮರುದಿನ ಬೆಳಗ್ಗೆ ಮತ್ತೆ 8 ಕಿಲೋಮೀಟರು ನಡೆಯುವುದು. ಮನೆಯ ಹೊರಗೆ ಮಲಗಿ ಅಭ್ಯಾಸವಿಲ್ಲದ ಮಗು ಮೊದಲ ರಾತ್ರಿ ನಿದ್ದೆ ಮಾಡದಿರಬಹುದು. ಆ ರಾತ್ರಿಯು ಶಾಲೆಯಲ್ಲಿಯೇ ಕಳೆಯಲಿ.

ಶಾಲೆಯ ಕೋಣೆಯನ್ನು ನಡೆಯುವ ಮಕ್ಕಳಿಗೆ ತಂಗುದಾಣ ಮಾಡುವ ಕಲ್ಪನೆಗೆ ಒಂದು ಹಿರಿಯ ಇತಿಹಾಸವೇ ಇದೆ. 1909ರಲ್ಲಿ ಜರ್ಮನಿಯ ರಿಚರ್ಡ್ ಶಿರ್ಮನ್ ಎಂಬ ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳೊಡನೆ ಹಲವು ದಿನಗಳ ಕಾಲ್ನಡಿಗೆಯ ಪ್ರವಾಸದಲ್ಲಿದ್ದಾಗ ಬಿರುಮಳೆಗೆ ಸಿಕ್ಕಿ ಹಳ್ಳಿಯ ಶಾಲೆಯೊಂದರಲ್ಲಿ ರಾತ್ರಿ ಕಳೆದರು. ರಜೆಯಲ್ಲಿ ಬರಿದಾಗಿರುವ ಶಾಲೆಗಳೆಲ್ಲ ಹೀಗೆ ನಡೆಯುವ ಎಳೆಯರಿಗೆ ಆಸರೆಯಾಗಬಾರದೇಕೆಂದು ಅವರಿಗೆ ಹೊಳೆದುದು ಅಂದೇ. 1912ರಲ್ಲಿ ಆಲ್ಟೆನಾ ಎಂಬ ಊರಿನ ಕೋಟೆಯಲ್ಲಿ ಅವರ ಯತ್ನದಿಂದ ಯುವಜನರ ತಂಗುದಾಣವು ತೆರೆಯಿತು; ಲೋಕದ ನಾನಾ ದೇಶಗಳಿಗೆ ಹಬ್ಬಿದ ಯೂತ್ ಹಾಸ್ಟೆಲ್ ಚಳವಳಿಗೆ ಅದೇ ಬೀಜ. ಗಡಿನಾಡಿನ ನಮ್ಮ ಕನ್ನಡ ಶಾಲೆಗಳು ಪರಸ್ಪರ ಮಕ್ಕಳಿಗೆ ಒಂದೊಂದು ರಾತ್ರಿ ಕೋಣೆಯನ್ನು ತೆರೆದಿಟ್ಟರೆ ಬಾಡಿಗೆಯ ಖರ್ಚಿಲ್ಲದೆ ಎಷ್ಟೋ ಹಾದಿಗಳು ತೆರೆಯುವುವು. ಮಕ್ಕಳಲ್ಲಿ ಸ್ನೇಹವೂ ಬೆಳೆಯುವುದು.

ಆರನೆಯದು: ರಾಣಿಪುರಂ. ಸುಮಾರು 750 ಮೀಟರು ಎತ್ತರದಲ್ಲಿರುವ ಈ ಸ್ಥಳಕ್ಕೆ ಹಿಂದೆ ಮಾಡತ್ತುಮಲೆ ಎಂಬ ಹೆಸರಿತ್ತು. ಅಲ್ಲಿಂದ ಕಾಡನ್ನು ಹಾದು ಹುಲ್ಲುಗಾವಲಿನ ನೆತ್ತಿಗೆ ಹೋಗುವ ಹಾದಿಯು ಅರಣ್ಯ ಇಲಾಖೆಯ ಅಧೀನದಲ್ಲಿದೆ. ಅವರ ಒಪ್ಪಿಗೆ ಪಡೆದೇ ಹೋಗಬೇಕು. ಆ ಹಾದಿ ಗಿಡ್ಡವಾದುದರಿಂದ ಕೆಲವು ಕಿಲೋಮೀಟರು ಕೆಳಗೆಯೇ ವಾಹನದಿಂದಿಳಿದು ರಸ್ತೆಯಲ್ಲಿ ನಡೆದರೆ ಏರಿನ ಅಭ್ಯಾಸವು ಪೂರ್ಣವಾಗುತ್ತದೆ. ಹೊರೆಯು ಐದನೆಯ ನಡಿಗೆಯಲ್ಲಿದ್ದಷ್ಟೇ ಇರಲಿ. ಇದಾದ ಮೇಲೆ ಎರಡು ವಾರ ಪೂರ್ಣ ವಿಶ್ರಾಂತಿ.

ಹೊತ್ತಿನ ಲೆಕ್ಕ

ದಾರಿಯ ಉದ್ದವನ್ನು ಹೇಳಿದರೆ ಸಾಲದು, ಹೊತ್ತನ್ನು ಹೇಳಬೇಕು. ಇದಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ ಎಂಬವರು 1892ರಲ್ಲಿ ಕೊಟ್ಟ ಸೂತ್ರವು ಇಂದಿಗೂ ಉಪಯುಕ್ತವಾಗಿದೆ. ಅದರ ಪ್ರಕಾರ ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ. ಅದರ ಮೇಲೆ ಪ್ರತಿ 600 ಮೀಟರು ಏರಿಗೆ ಇನ್ನೊಂದು ಗಂಟೆ. 14 ಕಿಲೋಮೀಟರಿನ ಹಾದಿ, 600 ಮೀಟರಿನ ಏರು ಎಂದಿಟ್ಟುಕೊಂಡರೆ, ದೂರಕ್ಕೆ 2 ಗಂಟೆ 48 ನಿಮಿಷ, ಏರಿಗೆ 1 ಗಂಟೆ, ಒಟ್ಟು 3 ಗಂಟೆ 48 ನಿಮಿಷ.

ಆದರೆ ಈ ಲೆಕ್ಕ ಗಟ್ಟಿಮುಟ್ಟಾದ ವಯಸ್ಕರದು. ವಿಶ್ರಾಂತಿಯೂ ಇದರಲ್ಲಿ ಸೇರಿಲ್ಲ. ಹೊರೆ ಹೊತ್ತ ಮಕ್ಕಳಿಗೆ ಇದರ ಒಂದೂವರೆ ಪಟ್ಟು ಹಿಡಿಯುವುದು ಕ್ಷೇಮ. ಆಗ 5 ಗಂಟೆ 42 ನಿಮಿಷವಾಗುತ್ತದೆ. ಬುತ್ತಿಗೂ ದಣಿವಾರಿಸಿಕೊಳ್ಳುವುದಕ್ಕೂ ಒಂದು ಗಂಟೆ ಕೂಡಿಸಿದರೆ 6 ಗಂಟೆ 42 ನಿಮಿಷ. ಬೆಳಗ್ಗೆ 7ಕ್ಕೆ ಹೊರಟವರು ಮಧ್ಯಾಹ್ನ 1.42ಕ್ಕೆ ಕೆಳಗಿಳಿಯುವರು, 10ಕ್ಕೆ ಹೊರಟವರಿಗೆ ಸಂಜೆ 4.42 ಆಗುವುದು. ಡಿಸೆಂಬರು, ಜನವರಿಗಳ ಕಾಡಿನಲ್ಲಿ ಆ ಹೊತ್ತಿಗೆ ಬೆಳಕು ಕುಂದತೊಡಗುತ್ತದೆ. ಏಳಕ್ಕೂ ಹತ್ತಕ್ಕೂ ಇರುವ ಅಂತರವು ಕೇವಲ ನಿದ್ದೆಯದಲ್ಲ ಎಂಬುದನ್ನು ಮಕ್ಕಳು ತಾವೇ ಲೆಕ್ಕ ಮಾಡಿ ಕಂಡುಕೊಳ್ಳಬೇಕು. ಅಭ್ಯಾಸ ನಡಿಗೆಗಳಲ್ಲಿ ತಂಡದ ನಿಜವಾದ ಹೊತ್ತನ್ನು ಬರೆದಿಟ್ಟುಕೊಂಡರೆ, ಒಂದೂವರೆ ಪಟ್ಟು ಎಂಬ ಊಹೆಯನ್ನು ಬಿಟ್ಟು ಸ್ವಂತ ಸಂಖ್ಯೆಯನ್ನೇ ಬಳಸಬಹುದು.

ಈ ಲೆಕ್ಕದಿಂದ ಇನ್ನೊಂದು ಮುಖ್ಯವಾದ ತೀರ್ಮಾನ ಹುಟ್ಟುತ್ತದೆ. ಅದು ಮರಳುವ ಗಳಿಗೆ. 'ಹನ್ನೊಂದು ಗಂಟೆಗೆ ಎಲ್ಲಿಯೇ ಇರಲಿ, ಅಲ್ಲಿಂದ ಹಿಂದಿರುಗತಕ್ಕದ್ದು' ಎಂದು ಹೊರಡುವ ಮುನ್ನವೇ ನಿಶ್ಚಯಿಸಿ ಎಲ್ಲರಿಗೂ ಸಾರಬೇಕು. ಶಿಖರವು ಕಣ್ಣೆದುರಿಗೇ ಇರುವಾಗ ಈ ತೀರ್ಮಾನವನ್ನು ಕೈಗೊಳ್ಳುವುದು ಯಾರಿಗೂ ಸುಲಭವಲ್ಲ. ಶಾಲೆಯ ಅಂಗಳದಲ್ಲಿ ಕೈಗೊಂಡ ತೀರ್ಮಾನವನ್ನು ಅಲ್ಲಿ ಪಾಲಿಸುವುದು ಮಾತ್ರ ಸಾಧ್ಯ. ಅಭ್ಯಾಸ ನಡಿಗೆಗಳಲ್ಲಿ ಒಮ್ಮೆಯಾದರೂ ಬೇಕೆಂದೇ ಗುಡ್ಡೆಯ ನೆತ್ತಿ ಮುಟ್ಟುವ ಮೊದಲೇ ತಂಡವನ್ನು ಹಿಂದಿರುಗಿಸಿ ನೋಡಬೇಕು. ಗೊಣಗದೆ ಹಿಂದಿರುಗಲು ಕಲಿತ ತಂಡವೇ ದೊಡ್ಡ ಬೆಟ್ಟಕ್ಕೆ ಯೋಗ್ಯ.

ಬೆನ್ನ ಮೇಲಿನ ಹೊರೆ

ಶಾಲೆಯ ಪುಸ್ತಕದ ಚೀಲವು ಮಗುವಿನ ತೂಕದ ನೂರಕ್ಕೆ 10ರಷ್ಟನ್ನು ಮೀರಬಾರದೆಂದು ಕೇಂದ್ರ ಸರಕಾರವು 2020ರ ಶಾಲಾ ಚೀಲ ನೀತಿಯಲ್ಲಿ ಹೇಳಿದೆ. ಅಭ್ಯಾಸ ನಡಿಗೆಯ ಮೊದಲ ಹೊರೆಗೂ ಇದೇ ಮಿತಿ ಇರಲಿ. 40 ಕಿಲೋ ತೂಕದ ಮಗುವಿಗೆ 4 ಕಿಲೋ. ಐದನೆಯ ನಡಿಗೆಗೆ 6 ಕಿಲೋ ಆಗಬಹುದು. ದೊಡ್ಡ ಚಾರಣದಲ್ಲಿಯೂ 8 ಕಿಲೋವನ್ನು, ಎಂದರೆ ಐದರಲ್ಲಿ ಒಂದು ಭಾಗವನ್ನು, ಎಳೆಯರಿಗೆ ಹೊರಿಸಲಾಗದು.

ನಾಲ್ಕು ಕಿಲೋ ಎಂಬುದು ಎಷ್ಟು ಬೇಗ ತುಂಬುವುದೆಂಬುದನ್ನು ಮನೆಯ ತಕ್ಕಡಿಯಲ್ಲಿ ನೋಡಬಹುದು. ಎರಡು ಲೀಟರು ನೀರು 2 ಕಿಲೋ. ಬರಿಯ ಚೀಲವೇ ಸುಮಾರು 1 ಕಿಲೋ. ಬುತ್ತಿ, ಮಳೆಯಂಗಿ, ಒಂದು ಪಂಚೆ ಅಥವಾ ಟವಲು, ಟಾರ್ಚು ಸೇರಿದರೆ ಮುಗಿಯಿತು. ತಾಯಂದಿರು ಪ್ರೀತಿಯಿಂದ ಇಡುವ ಎರಡನೆಯ ಬುತ್ತಿಗೂ ಮಕ್ಕಳು ಗುಟ್ಟಾಗಿ ಇಡುವ ಆಟಿಕೆಗಳಿಗೂ ಅಲ್ಲಿ ಜಾಗವಿಲ್ಲ. ಪಾತ್ರೆ, ಹಗ್ಗ, ಔಷಧದ ಪೆಟ್ಟಿಗೆ ಮುಂತಾದ ಸಾಮಾನ್ಯ ವಸ್ತುಗಳನ್ನು ತಂಡದಲ್ಲಿ ಹಂಚಿಕೊಳ್ಳಬೇಕು. ಭಾರವಾದುದು ಬೆನ್ನಿಗೆ ತಾಗಿ, ಮೇಲ್ಭಾಗದಲ್ಲಿರಲಿ. ಮಳೆಯಂಗಿಯೂ ನೀರೂ ಕೈಗೆ ಸಿಗುವಂತಿರಲಿ.

ಅಭ್ಯಾಸದ ಹೊರೆಗೆ ಕಲ್ಲನ್ನು ತುಂಬಬಾರದು, ನೀರಿನ ಬಾಟಲಿಗಳನ್ನು ತುಂಬಬೇಕು. ಮಗು ದಣಿದರೆ ನೀರನ್ನು ಚೆಲ್ಲಿ ಕೂಡಲೇ ಹೊರೆ ಇಳಿಸಬಹುದು. ಇಳಿಜಾರಿನಲ್ಲಿ ಮೊಣಕಾಲಿಗೆ ಬೀಳುವ ಪೆಟ್ಟು ಹೆಚ್ಚಾದುದರಿಂದ ನೆತ್ತಿಯಲ್ಲಿ ಅರ್ಧ ನೀರನ್ನು ಚೆಲ್ಲಿಯೇ ಇಳಿಯುವುದು ಒಳ್ಳೆಯ ಕ್ರಮ.

ಆಹಾರವು ನಮ್ಮ ಮನೆಯದೇ ಇರಲಿ. ಹೊರಡುವ ಮುನ್ನ ಕುಚ್ಚಲಕ್ಕಿಯ ಗಂಜಿ, ದಾರಿಗೆ ಅವಲಕ್ಕಿ, ಬೆಲ್ಲ, ನೆಲಗಡಲೆ, ಬಾಳೆಹಣ್ಣು. ಮರಳಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ. ಬಾಯಾರುವ ಮುನ್ನವೇ ಆಗಾಗ ಎರಡೆರಡು ಗುಟುಕು ನೀರು ಕುಡಿಯಬೇಕು. ಹೊಸ ಚೀಲವನ್ನಾಗಲಿ ಹೊಸ ಬೂಟುಗಳನ್ನಾಗಲಿ ಇದಕ್ಕಾಗಿ ಕೊಳ್ಳಬೇಕಾಗಿಲ್ಲವೆಂದು ತಂದೆತಾಯಂದಿರಿಗೆ ಸ್ಪಷ್ಟವಾಗಿ ತಿಳಿಸುತ್ತೇವೆ. ಶಾಲೆಗೆ ತರುವ ಚೀಲವೇ ಸಾಕು. ಕಾಲಿಗೆ ಒಗ್ಗಿದ ಹಳೆಯ ಬೂಟು ಹೊಚ್ಚಹೊಸದಕ್ಕಿಂತ ಮೇಲು. ಬಡತನದ ಕಾರಣದಿಂದ ಒಂದು ಮಗುವಾದರೂ ಮನೆಯಲ್ಲಿ ಉಳಿಯುವುದಾದರೆ ಆ ಚಾರಣಕ್ಕೆ ಶಾಲೆಯ ಹೆಸರು ಒಪ್ಪುವುದಿಲ್ಲ.

ಕೊನೆಯವನ ನಡಿಗೆ

ತಂಡದ ವೇಗವು ಯಾರ ವೇಗ? ಮುಂದೆ ಓಡುವವನದಲ್ಲ, ಹಿಂದೆ ಬರುವವನದು. ಮುಂದಿನವರು ನೆರಳಿನಲ್ಲಿ ಕುಳಿತು ಕಾಯುವರು. ಹಿಂದಿನವನು ಏದುತ್ತ ಬಂದು ಸೇರಿದೊಡನೆ 'ಇನ್ನು ಹೊರಡೋಣ' ಎಂದು ಏಳುವರು. ವಿಶ್ರಾಂತಿ ಬೇಕಾದವನಿಗೆ ವಿಶ್ರಾಂತಿಯೇ ಇಲ್ಲ. ಬೇಡದವನಿಗೆ ಎರಡು ಪಾಲು. ಹೀಗೆ ನಾಲ್ಕು ಸಲ ಆದರೆ ಆ ಮಗು ಮನಸ್ಸಿನಲ್ಲಿಯೇ ಸೋಲುತ್ತದೆ. ತನ್ನ ಕಾಲಿನ ಗುಳ್ಳೆಯನ್ನೂ ತಲೆಸುತ್ತನ್ನೂ ನಾಚಿಕೆಯಿಂದ ಮುಚ್ಚಿಡುತ್ತದೆ. ಬೆಟ್ಟದಲ್ಲಿ ದೊಡ್ಡ ಅಪಾಯಗಳು ಹುಟ್ಟುವುದು ಹೀಗೆ ಮುಚ್ಚಿಟ್ಟ ಸಣ್ಣ ತೊಂದರೆಗಳಿಂದ.

ಇದಕ್ಕೆ ಪರಿಹಾರ ಸರಳವಾದುದು. ನಿಧಾನವಾಗಿ ನಡೆಯುವ ಮಗುವನ್ನು ಮಾರ್ಗದರ್ಶಿಯ ಹಿಂದೆಯೇ, ಸಾಲಿನ ಎರಡನೆಯ ಸ್ಥಾನದಲ್ಲಿ ನಿಲ್ಲಿಸಬೇಕು. ಬಲಶಾಲಿಯಾದವನಿಗೆ ಹಿಂಗಾವಲಿನ ಹೊಣೆಯನ್ನೂ ಔಷಧದ ಪೆಟ್ಟಿಗೆಯನ್ನೂ ಕೊಡಬೇಕು. ಯಾರೂ ಮಾರ್ಗದರ್ಶಿಯನ್ನು ದಾಟಬಾರದು. ಯಾರೂ ಹಿಂಗಾವಲಿನವನಿಗಿಂತ ಹಿಂದುಳಿಯಬಾರದು. ಸ್ಕೌಟುಗಳ ಪದ್ಧತಿಯಂತೆ ಆರರಿಂದ ಎಂಟು ಮಂದಿಯ ಚಿಕ್ಕ ತಂಡಗಳು, ಪ್ರತಿ ತಂಡಕ್ಕೆ ಒಬ್ಬ ವಯಸ್ಕರು, ಪ್ರತಿ ಮಗುವಿಗೆ ಒಬ್ಬ ಜೊತೆಗಾರ. ಪ್ರತಿ ಕವಲುದಾರಿಯಲ್ಲಿ ತಲೆಯೆಣಿಕೆ. ಹಿಮ್ಮಡಿ ಬಿಸಿಯಾಯಿತೆಂದು ಯಾರಾದರೂ ಹೇಳಿದೊಡನೆ ನಿಲ್ಲುವುದು, ಅಂಟುಪಟ್ಟಿ ಹಚ್ಚುವುದು. ಹಾಗೆ ಹೇಳಿದವನನ್ನು ನಕ್ಕು ಹೀಗಳೆಯದಿರುವುದು ಎಲ್ಲಕ್ಕಿಂತ ದೊಡ್ಡ ನಿಯಮ.

ಹೆಣ್ಣುಮಕ್ಕಳನ್ನು ಇಂತಹ ನಡಿಗೆಗಳಿಂದ ದೂರವಿಡುವುದು ನ್ಯಾಯವಲ್ಲ. ಜೊತೆಯಲ್ಲಿ ಅಧ್ಯಾಪಿಕೆಯೊಬ್ಬರು ಇರುವುದು, ದಾರಿಯಲ್ಲಿ ಶಾಲೆಯೋ ಗ್ರಂಥಾಲಯವೋ ಇದ್ದು ಶೌಚದ ಅನುಕೂಲ ದೊರೆಯುವುದು, ಇವೆರಡನ್ನು ಯೋಜನೆಯಲ್ಲಿಯೇ ಸೇರಿಸಿದರೆ ತಂದೆತಾಯಂದಿರ ಹಿಂಜರಿಕೆಯ ಹೆಚ್ಚಿನ ಪಾಲು ಕರಗುವುದು.

ತಿಳಿದಿರಬೇಕಾದ ಅಪಾಯಗಳು

ಹೆದರಿಸಲೆಂದಲ್ಲ, ಎಚ್ಚರಿಸಲೆಂದು ಕೆಲವನ್ನು ಹೇಳುತ್ತೇವೆ. ಮೊದಲನೆಯದು ಸಿಡಿಲು. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಬೇಕು. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರು. ಮೂವತ್ತಕ್ಕಿಂತ ಕಡಿಮೆಯಾದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ. ನೆತ್ತಿಯನ್ನೂ ಬಯಲಿನ ಪದವನ್ನೂ ಒಂಟಿಮರದ ಅಡಿಯನ್ನೂ ಬಿಟ್ಟು ಕಟ್ಟಡವನ್ನೋ ವಾಹನವನ್ನೋ ಸೇರಬೇಕು. ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಹೊರಡಬಾರದು. ನವೆಂಬರಿನ ನಡಿಗೆಗಳು ಮಧ್ಯಾಹ್ನದೊಳಗೆ ಮುಗಿಯಬೇಕೆಂಬುದು ಇದಕ್ಕಾಗಿಯೇ.

ಎರಡನೆಯದು ಉಣುಗು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಉಣುಗುಗಳ ಕಡಿತದಿಂದ ಹರಡುತ್ತದೆ. ಇದು ಹೆಚ್ಚಾಗಿ ಕಾಣಿಸುವುದು ಮಳೆ ನಿಂತ ಮೇಲಿನ ಒಣ ತಿಂಗಳುಗಳಲ್ಲಿ. ಹೋಗುವ ಕಡೆಯ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿಯೇ ಹೊರಡಬೇಕು. ಮಂಗಗಳು ಸತ್ತ ಸುದ್ದಿಯಿದ್ದರೆ ಆ ಕಾಡಿಗೆ ಹೋಗಲೇಬಾರದು. ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ತುರುಕಿದ ಷರಾಯಿ, ಮನೆಗೆ ಬಂದೊಡನೆ ಸ್ನಾನ, ಬಟ್ಟೆಗಳಿಗೆ ಬಿಸಿನೀರು ಕಡ್ಡಾಯ.

ಮೂರನೆಯದು ಬೆಂಕಿ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದವರು ಕಾಡ್ಗಿಚ್ಚಿಗೆ ಸಿಕ್ಕಿ 20ಕ್ಕೂ ಹೆಚ್ಚು ಮಂದಿ ಅಸುನೀಗಿದರು. ಒಣಹುಲ್ಲಿನ ಕಾಲದಲ್ಲಿ ಬೆಟ್ಟಕ್ಕೆ ಹೋಗದಿರುವುದೂ ಕಾಡಿನಲ್ಲಿ ಒಲೆ ಹೂಡದಿರುವುದೂ ನಮ್ಮ ಕಟ್ಟುನಿಟ್ಟಿನ ನಿಯಮಗಳಾಗಿರಲಿ.

ನಾಲ್ಕನೆಯದು ಜನಸಂದಣಿ. 2024ರ ಜನವರಿಯ ಕೊನೆಯ ರಜೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಮಂದಿ ಒಮ್ಮೆಲೇ ನುಗ್ಗಿದರು. ಅದಾದ ಬಳಿಕ ಕರ್ನಾಟಕದ ಅರಣ್ಯ ಇಲಾಖೆಯು ಅನೇಕ ಚಾರಣಗಳನ್ನು ಕೆಲಕಾಲ ತಡೆದು, ಅಂತರ್ಜಾಲದ ಮೂಲಕ ಮುಂಗಡವಾಗಿ ಹೆಸರು ನೋಂದಾಯಿಸುವ ಕ್ರಮವನ್ನು ವಿಸ್ತರಿಸಿತು. ಆದುದರಿಂದ ಗಣರಾಜ್ಯ ದಿನದ ರಜೆಯನ್ನು ಬಿಟ್ಟು ಬೇರೆ ದಿನವನ್ನು ಆರಿಸಿ, ಒಪ್ಪಿಗೆಯನ್ನು ಮುಂದಾಗಿಯೇ ಪಡೆಯಬೇಕು. ಆನೆಗಳು ಓಡಾಡುವ ಕಾಡಿನಲ್ಲಿ ಇಲಾಖೆಯವರ ಮಾತೇ ಕೊನೆಯದು.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು, ಇವಾವುದನ್ನೂ ಮಾಡದೆ, ಆ ಅಂಗವನ್ನು ಅಲುಗಿಸದೆ, ಪ್ರತಿವಿಷವಿರುವ ಆಸ್ಪತ್ರೆಗೆ ಸಾಗಿಸಬೇಕು. ಆಂಬುಲೆನ್ಸಿಗೆ 108, ಇತರ ತುರ್ತಿಗೆ 112 ಎಂಬುದು ಪ್ರತಿ ಮಗುವಿಗೂ ಬಾಯಿಪಾಠವಾಗಿರಲಿ.

ಎರಡು ಹಾಳೆಗಳು

ಪ್ರತಿ ನಡಿಗೆಗೂ ಎರಡು ಹಾಳೆಗಳು ಬೇಕು. ಒಂದು ಮುನ್ನ ಬರೆಯುವುದು, ಇನ್ನೊಂದು ಬಳಿಕ ಬರೆಯುವುದು.

ಮುನ್ನ ಬರೆಯುವ ಹಾಳೆಯಲ್ಲಿ ಹಾದಿ, ಹೊರಡುವ ಹೊತ್ತು, ಹಿಂದಿರುಗುವ ಗಳಿಗೆ, ತಲುಪುವ ಹೊತ್ತು, ಬಂದವರ ಹೆಸರು, ಇಂತಿಷ್ಟು ಹೊತ್ತಿಗೆ ಬಾರದಿದ್ದರೆ ಯಾರು ಯಾರನ್ನು ವಿಚಾರಿಸಬೇಕೆಂಬ ವಿವರ ಇರಬೇಕು. ಒಂದು ಪ್ರತಿ ಶಾಲೆಯಲ್ಲಿ, ಒಂದು ಪ್ರತಿ ಪ್ರತಿಯೊಬ್ಬರ ಮನೆಯಲ್ಲಿ. ಇದರ ಕೆಳಗೆ ತಂದೆಯೋ ತಾಯಿಯೋ ಸಹಿ ಮಾಡುವಾಗ ದಯವಿಟ್ಟು ಒಂದನ್ನು ಮರೆಮಾಡಬಾರದು: ಮಗುವಿಗೆ ಉಬ್ಬಸ, ಅಪಸ್ಮಾರ, ಹೃದಯದ ತೊಂದರೆ, ಜೇನು ಕಡಿದರೆ ಮೈ ಊದುವ ಸ್ವಭಾವ ಮುಂತಾದುವು ಇವೆಯೆ ಎಂಬುದನ್ನು. ತಿಳಿಸಿದರೆ ಮಗುವನ್ನು ಬಿಟ್ಟು ಹೋಗುವರೆಂಬ ಅಂಜಿಕೆ ಬೇಡ. ತಿಳಿದಿದ್ದರೆ ಔಷಧವು ಕೈಯಲ್ಲಿರುತ್ತದೆ, ವೈದ್ಯರ ಸಲಹೆಯಂತೆ ಹಾದಿಯನ್ನು ಹೊಂದಿಸಬಹುದು. ತಿಳಿಯದಿದ್ದರೆ ಮಾತ್ರ ಭಯ.

ಬಳಿಕ ಬರೆಯುವ ಹಾಳೆ ಮಕ್ಕಳದು. ಏನನ್ನು ತಂದು ಬಳಸಲಿಲ್ಲ? ಏನು ಬೇಕಾಗಿತ್ತು, ಇರಲಿಲ್ಲ? ಎಲ್ಲಿ, ಯಾವ ಹೊತ್ತಿಗೆ ದಣಿವಾಯಿತು? ಈ ಮೂರು ಪ್ರಶ್ನೆಗಳಿಗೆ ಕನ್ನಡದಲ್ಲಿ ಹತ್ತು ಸಾಲು ಬರೆಯಲಿ. ಜೊತೆಗೆ ನಡೆದ ಹಾದಿಯ ನಕಾಶೆಯನ್ನೂ ಬಿಡಿಸಲಿ. ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ನಕಾಶೆಯಲ್ಲಿ ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರು. ಒಂದು ನೂಲನ್ನು ಹಾದಿಯುದ್ದಕ್ಕೂ ಇಟ್ಟು ಅಳೆದರೆ ದೂರ ಸಿಗುತ್ತದೆ, ಸಮೋನ್ನತಿ ರೇಖೆಗಳನ್ನು ಎಣಿಸಿದರೆ ಏರು ಸಿಗುತ್ತದೆ. ಗಣಿತ, ಭೂಗೋಳ, ಭಾಷೆ ಮೂರೂ ಒಂದೇ ಹಾಳೆಯಲ್ಲಿ ಸೇರುತ್ತವೆ.

ಭಾಷೆಯ ಮಾತಿಗೆ ಇನ್ನೊಂದನ್ನು ಸೇರಿಸಬೇಕು. ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎನ್ನುತ್ತಾರೆ. ದಾರಿ ಕೇಳುವಾಗ ಒಂದು ಮನೆಯಲ್ಲಿ ತುಳು, ಮುಂದಿನದರಲ್ಲಿ ಮಲಯಾಳ, ಅದರಾಚೆ ಕನ್ನಡ ಇಲ್ಲವೆ ಕೊಂಕಣಿ ಅಥವಾ ಮರಾಠಿ. ತಂಡದಲ್ಲಿ ಯಾವ ಮಗು ಯಾವ ಮಾತನ್ನು ಬಲ್ಲುದೋ ಅದೇ ಅಂದಿನ ದೂತ. ಗುಡ್ಡೆಗೆ, ಪಳ್ಳಕ್ಕೆ, ಕಟ್ಟಕ್ಕೆ ಆ ಮನೆಯವರು ಹೇಳುವ ಹೆಸರನ್ನು ಕೇಳಿ, ತಮ್ಮ ನಕಾಶೆಯಲ್ಲಿ ಕನ್ನಡದ ಲಿಪಿಯಲ್ಲಿ ಬರೆದಿಡಲಿ. ಫಲಕಗಳಲ್ಲಿಯೂ ಅಚ್ಚಾದ ನಕಾಶೆಗಳಲ್ಲಿಯೂ ಕಾಣದ ಎಷ್ಟೋ ಹೆಸರುಗಳು ಹೀಗೆ ನಮ್ಮ ಶಾಲೆಯ ಪುಸ್ತಕಭಂಡಾರದಲ್ಲಿ ಉಳಿಯುವುವು.

ವಿದ್ಯಾರ್ಥಿಗಳೆ, ಶಿಖರವನ್ನು ಮುಟ್ಟುವುದು ಒಂದು ದಿನದ ಸಂತೋಷ. ಅದಕ್ಕಾಗಿ ಆರು ಶನಿವಾರಗಳನ್ನು ಮೀಸಲಿಟ್ಟವರಿಗೆ ದೊರೆಯುವುದು ಅದಕ್ಕಿಂತ ಹೆಚ್ಚಿನದು: ತನ್ನ ಬಲವೆಷ್ಟೆಂಬ ಅರಿವು, ಜೊತೆಗಾರನ ದಣಿವನ್ನು ಅವನು ಹೇಳುವ ಮೊದಲೇ ಗುರುತಿಸುವ ಕಣ್ಣು, ಹೊತ್ತು ಮೀರಿದಾಗ ಹಿಂದಿರುಗುವ ವಿವೇಕ. ತಂದೆತಾಯಂದಿರೆ, ನಿಮ್ಮ ಮಗು ಚಾರಣಕ್ಕೆ ಹೆಸರು ಕೊಟ್ಟಾಗ 'ಎಷ್ಟು ದೂರ?' ಎಂದು ಕೇಳಿರಿ. ಆದರೆ ಅದಕ್ಕಿಂತ ಮುಂಚೆ 'ಎಷ್ಟು ಅಭ್ಯಾಸ ಮಾಡಿಸಿದಿರಿ, ಹಿಂದಿರುಗುವ ಗಳಿಗೆ ಯಾವುದು?' ಎಂದು ನಮ್ಮನ್ನು ಕೇಳಿರಿ. ಈ ಎರಡು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಕೊಡಲಾರದ ಯಾವ ತಂಡದೊಡನೆಯೂ, ಅದು ನಮ್ಮ ಶಾಲೆಯದೇ ಆಗಿದ್ದರೂ, ಮಕ್ಕಳನ್ನು ಕಳುಹಿಸಬೇಡಿರಿ.